ಗಾಲಿಗೂ ಮಡ್‌ಗಾರ್ಡಿಗೂ ನಡುವಿನ ಜಾಗ

ಕಳೆದ ಜುಲೈ ತಿಂಗಳ ಒಂದು ಬುಧವಾರ, ಬೆಳಿಗ್ಗೆ ಹತ್ತರ ಸುಮಾರಿಗೆ, ವನದುರ್ಗದ ನಮ್ಮ ಹೊಲದಲ್ಲಿ ಅವ್ವನ ಬಲಗಾಲಿಗೆ ಹಾವು ಕಚ್ಚಿತು. ಎರಡು ದಿನ ಮಳೆ ಹೊಡೆದಿತ್ತು. ಹೊಲದಿಂದ ಡಾಂಬರು ರಸ್ತೆಗೆ ಎರಡು ಕಿಲೋಮೀಟರ್ ಎರೆಮಣ್ಣಿನ ದಾರಿ. ಆಸ್ಪತ್ರೆ ಶಹಾಪುರದಲ್ಲಿ. ನಮ್ಮ ಬಳಿ ಇದ್ದದ್ದು ಅಣ್ಣನ ಹೊಸ ಜೀಪು.

ಅದು ನಮ್ಮ ಮನೆಯ ಮೂರನೆಯ ಜೀಪು. ಅಪ್ಪನ ಅಪ್ಪ, ಮುತ್ಯಾನದು ಪೆಟ್ರೋಲಿನದು, ಬಾಗಿಲಿಲ್ಲ, ಮೇಲೆ ತಾಡಪತ್ರಿ. ಅಪ್ಪನದು ಡೀಸೆಲ್ಲಿನದು. ಅದರಲ್ಲಿ ಅಪ್ಪ ಶಹಾಪುರ, ಸುರಪುರದ ನಡುವೆ ಇಪ್ಪತ್ತು ವರ್ಷ ಜನರನ್ನು ಸಾಗಿಸಿದ. ಮಳೆಗಾಲಕ್ಕೆ ಮೊದಲು ಗಾಲಿಯ ಹಿಂದಿನ ರಬ್ಬರು ಬಿಚ್ಚಿಡುತ್ತಿದ್ದ, ಮಡ್‌ಗಾರ್ಡನ್ನು ಸುತ್ತಿಗೆಯಿಂದ ಬಡಿದು ಮೇಲೆತ್ತುತ್ತಿದ್ದ. ಗಾಲಿಗೆ ಸುತ್ತಿಕೊಂಡ ಎರೆಮಣ್ಣು ಉದುರಲು ಜಾಗ ಬೇಕು. ಇಲ್ಲದಿದ್ದರೆ ಅಲ್ಲೇ ಗಟ್ಟಿಯಾಗಿ ಗಾಲಿಯನ್ನೇ ನಿಲ್ಲಿಸುತ್ತದೆ. ಹೊಸ ಜೀಪು ಬಂದ ತಿಂಗಳೇ ಅಪ್ಪನದು ಗುಜರಿಗೆ ಹೋಯಿತು.

ಹೊಸದಕ್ಕೆ ಏಸಿ ಇದೆ, ಮುಂದೆ ಟಿವಿಯಂಥ ಪರದೆ ಇದೆ, ಸದ್ದಾಗದಂತೆ ಮಡ್‌ಗಾರ್ಡಿನ ಒಳಗೆ ಪ್ಲಾಸ್ಟಿಕ್ ಹೊದಿಕೆ ಇತ್ತು. ಅದು ಮನೆಗೆ ಬಂದ ದಿನ ಅಪ್ಪ ಟಯರಿನ ಮೇಲೆ ಕೈ ತೂರಿಸಿ ನೋಡಿದ.

“ಇದರಾಗ ಮಣ್ಣು ಎಲ್ಲಿ ಹೋಗಬೇಕೋ?”

“ನಾಕೂ ಗಾಲಿ ಜಗ್ಗತಾವ ಯಪ್ಪಾ. ನಿನ್ನ ಡಬ್ಬಿ ಅಲ್ಲ ಇದು,” ಎಂದು ಅಣ್ಣ ನಕ್ಕ.

“ಜಗ್ಗಲಿ ಬಿಡು. ಮೊದಲ ತಿರಗಬೇಕಲ್ಲ.”

ಆ ಬುಧವಾರ ಅಣ್ಣ ಗಾಡಿ ಓಡಿಸುತ್ತಿದ್ದ, ಅಪ್ಪ ಅವನ ಪಕ್ಕದಲ್ಲಿದ್ದ. ನಾನು ಹಿಂದೆ ಕೂತು ಅವ್ವನ ಕಾಲು ಅಲುಗದಂತೆ ಹಿಡಿದಿದ್ದೆ. ಅರ್ಧ ಕಿಲೋಮೀಟರ್ ಹೋಗುವಷ್ಟರಲ್ಲಿ ಗಾಡಿ ನಿಂತಿತು. ಇಂಜಿನ್ ಚೀರುತ್ತಿತ್ತು, ಗಾಲಿ ತಿರುಗಲಿಲ್ಲ. ಮಣ್ಣು, ಹುಲ್ಲು ಸೇರಿ ನಾಲ್ಕೂ ಕಡೆ ಗಚ್ಚಿನಂತೆ ಕೂತಿತ್ತು. ಅಪ್ಪ ಇಳಿದು ಜಾಕಿನ ರಾಡಿನಿಂದ ಕೆದರಿದ. ನೂರು ಹೆಜ್ಜೆ ಹೋಗಿ ಮತ್ತೆ ನಿಂತಿತು.

“ಹೇಳಿದ್ದೆ ನಾ,” ಅಂದ ಅಪ್ಪ.

“ಹೇಳಿದ್ದಿ. ಈಗ ಏನ್ ಮಾಡ್ಲಿ?” ಅಂದ ಅಣ್ಣ.

“ಜಗಳ ಮನ್ಯಾಗ ಮಾಡ್ರಿ,” ಅಂದಳು ಅವ್ವ. “ನನ್ನ ಕಾಲು ಉರ್ಯಾಕತ್ತದ.”

ಬಾವು ಮೊಣಕಾಲಿಗೆ ಬಂದಿತ್ತು. ಅಣ್ಣ ಇಳಿದ. ಗಾಡಿ ಕೊಂಡು ಆರು ತಿಂಗಳಾಗಿತ್ತು. ವಾರಕ್ಕೆರಡು ಸಲ ತಾನೇ ತೊಳೆಯುತ್ತಿದ್ದ. “ಹರದ ಒಗಿ ಯಪ್ಪಾ,” ಎಂದವನೇ ಮುಂದಿನ ಗಾಲಿಯ ಪ್ಲಾಸ್ಟಿಕ್ಕಿಗೆ ಕೈ ಹಾಕಿದ. ಇಬ್ಬರೂ ಸೇರಿ ನಾಲ್ಕನ್ನೂ ಕಿತ್ತು ಬದುವಿಗೆ ಎಸೆದರು. ಆಮೇಲೆ ಗಾಡಿ ಡಾಂಬರು ರಸ್ತೆಯವರೆಗೆ ನಿಲ್ಲಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಹಾವು ಕಚ್ಚಿದ ಹೊತ್ತು ಕೇಳಿದರು. ಹತ್ತು ಗಂಟೆ ಅಂದೆ. ಗೋಡೆಯ ಗಡಿಯಾರದಲ್ಲಿ ಹನ್ನೆರಡಾಗಿತ್ತು.

“ಭಾಳ ಲೇಟ್ ಮಾಡೀರಿ,” ಅಂದರು.

ಅಣ್ಣ ಅಪ್ಪನ ಮುಖ ನೋಡಿದ.

“ರಸ್ತಾ ಕೆಟ್ಟಿತ್ತರಿ,” ಅಂದ ಅಪ್ಪ.

ಅವ್ವ ಬದುಕಿದಳು. ಬಲಗಾಲಿನ ಎರಡು ಬೆರಳು ತೆಗೆದರು. ಹೋದ ಸೋಮವಾರ ಅವಳು ಗೋಡೆ ಹಿಡಿಯದೆ ಅಂಗಳ ದಾಟಿ ಬೀದಿಯ ನಲ್ಲಿಯವರೆಗೆ ನಡೆದಳು.