ವೇಗ ಹೆಚ್ಚಾಗಿದೆ ಎಂದು ಸಹಿ

ಸಂಡೂರಿನ ಆ ಗಣಿ ಗೇಟಿನಲ್ಲಿ ಅದಿರಿನ ಧೂಳಿಗೆ ನಾಯಿಗಳೂ ಕೆಂಪಗಿದ್ದವು. ಅಂಥಲ್ಲಿ ಸಂಜೆಯವರೆಗೂ ಬೆಳ್ಳಗಿರುತ್ತಿದ್ದದ್ದು ಒಂದೇ ಅಂಗಿ, ಕಂಪ್ಯೂಟರು ನೋಡಿಕೊಳ್ಳುವ ನಮ್ಮ ಸಿಸ್ಟಮ್ ಸಾಹೇಬರದು. ಎಸಿ ಕೋಣೆ ಬಿಟ್ಟು ಹೊರಗೆ ಕಾಲಿಟ್ಟರಲ್ಲವೇ ಕೊಳೆಯಾಗಲು? ಬಲಗೈ ಕಿರುಬೆರಳಿನ ಉಗುರು ಉದ್ದ ಬಿಟ್ಟಿದ್ದರು. ಎಂಟರ್ ಒತ್ತಲು ಅದೇ ಆಗಬೇಕು; ಒತ್ತಿದ ಮೇಲೆ ಕುರ್ಚಿಗೆ ಒರಗಿ ನಮ್ಮತ್ತ ನೋಡುವರು, ಭೂಮಿಯನ್ನೇ ತಿರುಗಿಸಿದವರ ಹಾಗೆ.

ಹೊಸಪೇಟೆಯಿಂದ ಕಂಪನಿ ಬಸ್ಸಿನಲ್ಲಿ ಹೋಗಿ ಬರುತ್ತಿದ್ದ ನಾನು ಅವರ ಕೈಕೆಳಗೆ ಲಾರಿಗಳ ಪಾಳಿ ಹಚ್ಚುತ್ತಿದ್ದೆ. ಅದಿರಿನ ಭರಾಟೆಯ ದಿನಗಳು. ಡ್ರೈವರುಗಳು ಎರಡು ದಿನ ರಸ್ತೆಯಲ್ಲಿ ನಿಂತು ಗೇಟಿಗೆ ಬರುವರು. ನಾನು ಕಂಪ್ಯೂಟರಿನಲ್ಲಿ ನಂಬರು ಹೊಡೆದರೆ ಲಾರಿ ಲೋಡಿಂಗ್ ಪಟ್ಟಿಗೆ ಸೇರುತ್ತಿತ್ತು. ನನ್ನ ಆ ಕೆಲಸದ ಮೇಲೆಯೇ ತಂಗಿಯ ಓದು ನಡೆದಿತ್ತು.

ಡಿಸ್ಕಿಗೆ ಬರೆಯುವುದು ನಿಧಾನವೆಂದು ಸಾಹೇಬರು ಡಿಸ್ಕ್ ಕ್ಯಾಶ್ ಎಂಬ ತಂತ್ರಾಂಶ ಹಾಕಿದ್ದರು. ಹೊಡೆದದ್ದನ್ನು ಅದು ಕೆಲವು ಸೆಕೆಂಡು ಮೆಮೊರಿಯಲ್ಲಿ ಹಿಡಿದಿಟ್ಟು ಆಮೇಲೆ ಡಿಸ್ಕಿಗೆ ಇಳಿಸುತ್ತದೆ. ಹಿಡಿದಿಡುವ ಆ ಹೊತ್ತನ್ನು ಹೆಚ್ಚಿಸುತ್ತ ಹೋಗುವುದೇ ಅವರ ವಿದ್ವತ್ತು. ಪ್ರತಿ ಸಲವೂ ರಿಜಿಸ್ಟರಿನಲ್ಲಿ ಬರೆದು, ಪಕ್ಕದಲ್ಲಿ ನನ್ನಿಂದ 'ವೇಗ ಹೆಚ್ಚಾಗಿದೆ' ಎಂದು ಬರೆಸಿ ಸಹಿ ಹಾಕಿಸುವರು. ವೇಗ ಕೂದಲೆಳೆಯಷ್ಟೂ ಹೆಚ್ಚಿರಲಿಲ್ಲ. ನಡೆಯುತ್ತಿರುವ ತಂತ್ರಾಂಶ ಹಳೆಯ ಸೆಟ್ಟಿಂಗಿನಲ್ಲೇ ನಡೆಯುತ್ತದೆ, ನಿಲ್ಲಿಸಿ ಮತ್ತೆ ಶುರು ಮಾಡಿದರೇ ಹೊಸದು ಜಾರಿ ಎಂದು ಅದರ ಪುಸ್ತಿಕೆಯಲ್ಲೇ ಇತ್ತು. ಒಮ್ಮೆ ಹೇಳಿ ನೋಡಿದೆ.

"ಪುಸ್ತಕಾ ಓದಿ ಸಿಸ್ಟಮ್ ನಡಸ್ತಾರೇನವಾ? ಅದನ್ನ ನಿಲ್ಲಿಸಿದ್ರ ಗೇಟ್ ನಿಲ್ತೈತಿ. ಗೇಟ್ ನಿಂತ್ರ ಮಾಲಕ್ರು ನನ್ನ ಮನಿಗೆ ಕಳಸ್ತಾರ. ಸಹಿ ಹಾಕು."

ಹಾಕಿದೆ. ಆಮೇಲಾಮೇಲೆ ಅವರು ಕೇಳುವ ಮೊದಲೇ "ಭಾಳ ಫಾಸ್ಟ್ ಆಗೈತ್ರಿ ಸರ್" ಎನ್ನತೊಡಗಿದೆ.

ಆ ಕಂಪ್ಯೂಟರು ಆರುತ್ತಿದ್ದದ್ದು ವರ್ಷಕ್ಕೊಮ್ಮೆ, ಆಯುಧಪೂಜೆಗೆ. ಆ ವರ್ಷವೂ ಸಾಹೇಬರೇ ಮುಂದೆ ನಿಂತು ಆರಿಸಿ, ಒರೆಸಿ, ಕುಂಕುಮ ಹಚ್ಚಿ, ಕುಂಬಳಕಾಯಿ ಒಡೆಸಿದರು. ಕರೆಂಟ್ ಹೋದಾಗ ಕಾಯಬೇಕಾದ ಯುಪಿಎಸ್‌ಗೂ ಚೆಂಡುಹೂವಿನ ಹಾರ ಬಿತ್ತು. ಅದಕ್ಕೆ ಮತ್ತೆ ವೈರು ಸಿಕ್ಕಿಸುವುದನ್ನು ಮರೆತು, ಕಂಪ್ಯೂಟರನ್ನು ಗೋಡೆಯ ಪ್ಲಗ್ಗಿಗೇ ಹಾಕಿ ಶುರು ಮಾಡಿದರು. ವರ್ಷದ ವಿದ್ವತ್ತೆಲ್ಲ ಒಟ್ಟಿಗೆ ಜಾರಿಗೆ ಬಂತು: ಹೊಡೆದ ನಂಬರು ಡಿಸ್ಕಿಗೆ ಇಳಿಯಲು ಈಗ ನಲವತ್ತು ನಿಮಿಷ ಬೇಕು. ಅರ್ಧ ಗಂಟೆಯೊಳಗೆ ಕರೆಂಟ್ ಹೋಗಿ, ಡಿಸ್ಕಿಗೆ ಇಳಿಯದೆ ಮೆಮೊರಿಯಲ್ಲೇ ಇದ್ದದ್ದೆಲ್ಲ ಅಳಿಸಿಹೋಯಿತು. ಮತ್ತೆ ಬಂದಾಗ, ಪೂಜೆಯ ನಂತರ ನಾನು ಹೊಡೆದಿದ್ದ ಲಾರಿಗಳಲ್ಲಿ ಒಂದೂ ಪಟ್ಟಿಯಲ್ಲಿರಲಿಲ್ಲ.

ಪಟ್ಟಿಯಲ್ಲಿಲ್ಲದವರು ಮತ್ತೆ ಪಾಳಿಯ ಕೊನೆಗೆ ಹೋಗಬೇಕೆಂದು ಕಾವಲುಗಾರರು ಅಡ್ಡ ನಿಂತರು. ಕಂಪ್ಲಿಯ ಡ್ರೈವರೊಬ್ಬ ಗಣಿ ಮ್ಯಾನೇಜರರ ಬಾಗಿಲಿಗೇ ಬಂದ. "ಅಕ್ಕಾರು ನನ್ನ ಮುಂದನ ನಂಬರ್ ಹೊಡದಾರ್ರಿ. ಮತ್ತ ಎರಡ್ ದಿನ ನಿಂದ್ರಬೇಕೇನ್ರಿ?"

ಮ್ಯಾನೇಜರು ನಮ್ಮಿಬ್ಬರನ್ನೂ ಕರೆಸಿದರು. ಸಾಹೇಬರು ರೆಪ್ಪೆ ಮಿಟುಕಿಸದೆ ಹೇಳಿದರು: "ಈಕಿ ಹೊಡದ ಇಲ್ರಿ. ಪೂಜಿ ಮಂಡಾಳ ತಿನಕೋತ ಕುಂತಿದ್ಳು."

ನಾನು ರಿಜಿಸ್ಟರು ತಂದು ಮ್ಯಾನೇಜರರ ಮುಂದೆ ಬಿಚ್ಚಿದೆ. ಈ ಬದಲಾವಣೆಗಳೆಲ್ಲ ಇವತ್ತೇ ಜಾರಿಗೆ ಬಂದದ್ದು, ಅದಕ್ಕೇ ಹೀಗಾಯಿತು ಎಂದೆ. ಸಾಹೇಬರು ಆ ಉಗುರನ್ನು ನನ್ನ ಸಹಿಯ ಮೇಲಿಟ್ಟರು.

"ಹಂಗಾರ ಪ್ರತಿ ಸಲ ವೇಗ ಹೆಚ್ಚಾಗಿದೆ ಅಂತ ಬರದಾಕಿ ಯಾರು?"

ಒಂದು ಗಳಿಗೆ ತಂಗಿಯ ಮುಖ ಕಣ್ಣಮುಂದೆ ಬಂತು. ಬಾಗಿಲಲ್ಲಿ ಡ್ರೈವರ್ ನಿಂತೇ ಇದ್ದ. "ನಾನ ರೀ. ಇವರಿಗೆ ಅಂಜಿ ಸುಳ್ಳ ಬರದೀನಿ," ಎಂದೆ.

ನನ್ನಿಂದಲೇ ಮತ್ತೆ ನಂಬರು ಹೊಡೆಸಿ ಆ ಲಾರಿಗಳನ್ನು ಒಳಗೆ ಬಿಟ್ಟರು. ಮರುದಿನದಿಂದ ನನಗೆ ಬರಬೇಡವೆಂದರು. ಸುಳ್ಳು ಸಹಿ ಹಾಕುವವರು ಕಂಪನಿಗೆ ಬೇಡವಂತೆ, ಹಾಕಿಸುವವರು ಬೇಕು. ತಂಗಿ ಒಂದು ವರ್ಷ ಕಾಲೇಜು ಬಿಟ್ಟಳು. ಸಾಹೇಬರು ಬಳ್ಳಾರಿ ಕಡೆ ಇನ್ನೂ ದೊಡ್ಡ ಎಸಿ ಕೋಣೆಗೆ ಹೋದರು.

ಹೋದ ವರ್ಷ ತೀರಿಕೊಂಡರೆಂದು ಕೇಳಿದೆ. ಕಣ್ಣೀರು ಬರಲಿಲ್ಲ, ಬರಿಸಿಕೊಳ್ಳುವ ನಾಟಕವನ್ನೂ ಆಡಲಿಲ್ಲ. ಆದರೂ ಒಂದು ಪಾಠದ ಋಣವಿದೆ. ಈಗ ಹೊಸಪೇಟೆಯ ಆಸ್ಪತ್ರೆಯೊಂದರ ಕಂಪ್ಯೂಟರುಗಳು ನನ್ನ ಕೈಯಲ್ಲಿವೆ. ಏನೇ ಬದಲಿಸಿದರೂ ನಿಲ್ಲಿಸಿ, ಶುರು ಮಾಡಿ, ಜಾರಿಯಾಯಿತೇ ಎಂದು ಕಣ್ಣಾರೆ ನೋಡದೆ ಏಳುವವಳಲ್ಲ ನಾನು ಎಂದು ಎಲ್ಲರೆದುರು ಹೇಳಿಕೊಳ್ಳುತ್ತೇನೆ.

ಮೊನ್ನೆ ಅವಸರದಲ್ಲಿ ಯಂತ್ರ ನಿಲ್ಲಿಸದೆಯೇ ಒಂದು ಸೆಟ್ಟಿಂಗ್ ಬದಲಿಸಿ, ಜೊತೆಗೆ ಕೆಲಸ ಮಾಡುವಾಕೆಯನ್ನು "ಈಗ ಹೆಂಗೈತಿ?" ಎಂದು ಕೇಳಿದೆ.

"ಏನೂ ಬದಲಾಗಿಲ್ರಿ ಮೇಡಂ."

ಮೈ ಉರಿದುಹೋಯಿತು. ಇವಳಿಗೇನು ಗೊತ್ತು ಎಂಬ ಮಾತು ನಾಲಿಗೆಯ ತುದಿಗೇ ಬಂದಿತ್ತು. ಅದನ್ನು ನುಂಗಿಕೊಂಡು ಯಂತ್ರ ನಿಲ್ಲಿಸಿದೆ.