ಸಾಬವ್ವನ ಹೆಬ್ಬೆಟ್ಟು

ನಿನ್ನೆ ಸಂಜೆ ನಾಲ್ಕರ ಸುಮಾರಿಗೆ ಯಾರೋ ಬಾಗಿಲು ಬಡಿದರು. ತೆಗೆದು ನೋಡಿದರೆ ನಮ್ಮ ವಾರ್ಡಿಗೆ ಹೊಸದಾಗಿ ಬಂದಿರುವ ಕಚೇರಿಯ ಹುಡುಗಿ. ಬಗಲಲ್ಲಿ ಉದ್ದನೆಯ ರಿಜಿಸ್ಟರು, ಒಂದು ಕೈಯಲ್ಲಿ ಪೆನ್ನು, ಇನ್ನೊಂದರಲ್ಲಿ ತಗಡಿನ ಡಬ್ಬಿಯ ಸ್ಟಾಂಪ್ ಪ್ಯಾಡು. "ಸರ್, ವಾರ್ಡ್ ಸಭಾದ ಹಾಜರಿ. ಒಂದು ಸಹಿ ಹಾಕಿಬಿಡ್ರಿ. ಇನ್ನಾ ನಲವತ್ತ ಮನಿ ತಿರಗಬೇಕು" ಎಂದಳು. ಯಾವ ಊರು, ಯಾವ ವಾರ್ಡು ಎಂದು ನೀವು ಕೇಳಬಾರದು. ಪಾಪ, ಆಕೆಯ ನೌಕರಿ ಇನ್ನೂ ಕಾಯಂ ಆಗಿಲ್ಲ. ನಾನು ಒಳಗೆ ಹೋಗಿ ಕನ್ನಡಕ ಹುಡುಕಿಕೊಂಡು ಬರುವಷ್ಟರಲ್ಲಿ ಪಕ್ಕದ ಮನೆಯ ಅಜ್ಜಿ ಕಟ್ಟೆಯ ಮೇಲಿಂದಲೇ ಹೆಬ್ಬೆಟ್ಟು ಚಾಚಿದ್ದಳು, ಹುಡುಗಿ ಡಬ್ಬಿಯ ಮುಚ್ಚಳ ತೆಗೆದಿದ್ದಳು. ಆ ನೇರಳೆ ಶಾಯಿಯ ವಾಸನೆ ಮೂಗಿಗೆ ಬಂದದ್ದೇ ತಡ, ಸಹಿಗೆಂದು ಎತ್ತಿದ ನನ್ನ ಕೈ ಹಾಗೆಯೇ ನಿಂತುಬಿಟ್ಟಿತು.

ಆ ವಾಸನೆ ನಿಮಗೆ ಗೊತ್ತಿರಬಹುದು, ಇಲ್ಲದಿರಬಹುದು. ಸ್ವಲ್ಪ ಸೀಮೆಎಣ್ಣೆ, ಸ್ವಲ್ಪ ಔಷಧಿ ಅಂಗಡಿ, ಸ್ವಲ್ಪ ಒದ್ದೆ ಬಟ್ಟೆ. ನನ್ನ ಅರ್ಧ ಆಯುಷ್ಯ ಅದರಲ್ಲೇ ಕಳೆದಿದೆ. ನಾನು ಗ್ರಾಮ ಪಂಚಾಯತಿಯ ಕಾರ್ಯದರ್ಶಿಯಾಗಿದ್ದವನು.

ಮುಂದಿನದನ್ನು ಹೇಳುವ ಮೊದಲು ನನ್ನ ಸಹಿಯ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ. ನಗಬೇಡಿ. ಗುರುಮಠಕಲ್ಲಿನಲ್ಲಿ ಓದುತ್ತಿದ್ದಾಗ, ನೌಕರಿ ಸಿಗುವುದಕ್ಕೆ ಎರಡು ವರ್ಷ ಮೊದಲೇ, ನಾನು ಸಹಿಯನ್ನು ಸಿದ್ಧ ಮಾಡಿಟ್ಟುಕೊಂಡಿದ್ದೆ. ಮೊದಲ ಅಕ್ಷರಕ್ಕೆ ಒಂದು ದೊಡ್ಡ ಸುತ್ತು, ಕೊನೆಗೆ ಬಾಲ, ಕೆಳಗೆ ಎರಡು ಗೆರೆ, ಗೆರೆಯ ನಡುವೆ ಎರಡು ಚುಕ್ಕೆ. ಅಂಥ ಸಹಿ ಮಾಡುವವನು ಸಾಮಾನ್ಯನಾಗಿರಲು ಸಾಧ್ಯವಿಲ್ಲ ಎಂದು ನನಗೆ ಗಟ್ಟಿ ನಂಬಿಕೆ ಇತ್ತು. ನಮ್ಮಪ್ಪ ಒಮ್ಮೆ ಅದನ್ನು ನೋಡಿ, "ಇದು ಸಹಿಯೋ, ರಂಗೋಲಿಯೋ?" ಎಂದು ಕೇಳಿದ್ದರು. ನಾನು ಒಂದು ವಾರ ಮಾತು ಬಿಟ್ಟಿದ್ದೆ.

ಆ ಸಹಿಯನ್ನು ಹೊತ್ತುಕೊಂಡು ಕೆಂಭಾವಿಯ ಹತ್ತಿರದ ಒಂದು ಹಳ್ಳಿಗೆ ಹೋದೆ. ಕಾಲುವೆಗೆ ನೀರು ಬಂದು ಕೆಲವೇ ವರ್ಷಗಳಾಗಿದ್ದವು. ಜೋಳ, ತೊಗರಿ ಬಿಟ್ಟು ಬೇರೆ ಕಾಣದ ಎರೆ ಹೊಲಗಳಲ್ಲಿ ನೆಲ್ಲು ಹಚ್ಚುತ್ತಿದ್ದರು. ಮೊಣಕಾಲುದ್ದ ಕೆಸರಿನಲ್ಲಿ ನಿಲ್ಲುವುದು ಜನರಿಗೆ ಆಗಷ್ಟೇ ರೂಢಿಯಾಗುತ್ತಿತ್ತು. ಮೊದಲ ವರ್ಷ ಕಾಲುವೆಗೆ ನೀರು ಬಿಟ್ಟಾಗ ಇಡೀ ಊರು ನೀರಿನ ಮುಂದಲೆಯ ಜೊತೆ ಓಡಿತ್ತಂತೆ. ಯಾರ ಕಾಲು ಮೊದಲು ತೊಯ್ದಿತು ಎಂಬ ಬಗ್ಗೆ ನಾನು ಹೋದಾಗಲೂ ತಕರಾರು ನಡೆದೇ ಇತ್ತು.

ಆದರೆ ಆ ಕಾಲುವೆ ಊರನ್ನು ಎರಡು ಹೋಳು ಮಾಡಿತ್ತು. ಅತ್ತ ಕಡೆ ಉಳಿದ ಮನೆಗಳಿಗೆ ಆಚಿ ಓಣಿ ಎಂದು ಹೆಸರು ಬಿತ್ತು. ಅಲ್ಲಿರುವವರೆಲ್ಲ ಕೂಲಿ ಮಾಡುವ ಮಂದಿ. ಶಾಲೆ, ಪಂಚಾಯತಿ, ಕಿರಾಣಿ ಎಲ್ಲ ಈಚೆ. ದಾಟಲು ಎರಡು ಈಚಲ ಬೊಡ್ಡೆಗಳನ್ನು ಅಡ್ಡ ಹಾಕಿಕೊಂಡಿದ್ದರು. ನೀರು ಬಿಟ್ಟಾಗ ಅವು ಪಾಚಿಗಟ್ಟಿ ಜಾರುತ್ತಿದ್ದವು. ಇಲ್ಲವೆಂದರೆ ರಸ್ತೆಯ ಸೇತುವೆ ಸುತ್ತಿ ಒಂದು ಹರದಾರಿ ನಡೆಯಬೇಕು.

ಆಚಿ ಓಣಿಯಲ್ಲಿ ಸಾಬವ್ವ ಇದ್ದಳು. ನಲವತ್ತರ ಆಸುಪಾಸಿನ ಹೆಂಗಸು, ನೆಲ್ಲು ಹಚ್ಚುವ ಹೆಣ್ಣಾಳುಗಳ ಗುಂಪಿಗೆ ಮುಂದಾಳು. ಆಕೆಯ ಮಗಳು ನಾಗಮ್ಮ ಐದನೆಯ ಇಯತ್ತೆ. ಹಿಂದಿನ ವರ್ಷ ಆ ಹುಡುಗಿ ಬೊಡ್ಡೆಯಿಂದ ಜಾರಿ ನೀರಿಗೆ ಬಿದ್ದು, ಯಾರೋ ಹಿಡಿದೆತ್ತಿದ್ದರು. ಪಾಟಿಚೀಲ ಹೋಗಿತ್ತು, ಜೀವ ಉಳಿದಿತ್ತು. ಸಾಬವ್ವನ ಗಂಡ, "ಈ ವರ್ಷ ಕಾಲುವಿ ಮ್ಯಾಲ ಕಾಲುದಾರಿ ಆಗಲಿಲ್ಲಂದ್ರ ಸಾಲಿ ಬಂದ್, ಆಡ ಕಾಯ್ಲಿ" ಎಂದು ಹೇಳಿಬಿಟ್ಟಿದ್ದ. ಊರಲ್ಲಿ ಎಲ್ಲರಿಗೂ ಇದು ಗೊತ್ತಿತ್ತು. ನನಗೆ ಮಾತ್ರ ಗೊತ್ತಿರಲಿಲ್ಲ. ನಾನು ಸಹಿ ಮಾಡುವುದರಲ್ಲಿ ಮುಳುಗಿದ್ದೆ.

ಆಗಿನ ಪದ್ಧತಿ ಹೀಗಿತ್ತು. ವರ್ಷದ ಕೆಲಸಗಳನ್ನು ಗ್ರಾಮಸಭೆ ಒಪ್ಪಬೇಕು. ಸಭೆಗೆ ನೂರು ಜನ ಸೇರಬೇಕು. ನೂರು ಜನರ ಹಾಜರಿ ಗೊತ್ತುಪಡಿಸಿದ ದಿನದೊಳಗೆ, ಆ ಸಲ ಒಂದು ಶನಿವಾರದೊಳಗೆ, ತಾಲೂಕಿಗೆ ಮುಟ್ಟದಿದ್ದರೆ ಆ ವರ್ಷಕ್ಕೆ ಯಾವ ಕೆಲಸವೂ ಇಲ್ಲ. ನನಗಿಂತ ಮೊದಲಿದ್ದವರು ಇದಕ್ಕೆ ಸುಲಭದ ಉಪಾಯ ಹೇಳಿಕೊಟ್ಟು ಹೋಗಿದ್ದರು: ಸಭೆಯ ಗೊಡವೆಯೇ ಬೇಡ, ರಿಜಿಸ್ಟರು ಹಿಡಿದು ಮನೆ ಮನೆಗೆ ಹೋಗಿ ಹೆಬ್ಬೆಟ್ಟು ತಂದರಾಯಿತು. ನಾನೂ ವಿಧೇಯನಾಗಿ ಹೊರಟೆ. ಜವಾನ ಹಣಮಂತ ಪ್ಯಾಡು ಹಿಡಿಯುತ್ತಿದ್ದ, ನಾನು ಹೆಸರು ಬರೆಯುತ್ತಿದ್ದೆ. ಜನ ಸಕ್ಕರೆ ಬಂತೆಂದೋ, ಸೀಮೆಎಣ್ಣೆ ಬಂತೆಂದೋ ತಿಳಿದು ಖುಷಿಯಿಂದ ಒತ್ತುತ್ತಿದ್ದರು. ಎಲ್ಲ ಸುಸೂತ್ರವಾಗಿ ನಡೆಯಿತು, ಸಾಬವ್ವನ ಅಂಗಳ ಬರುವವರೆಗೆ.

"ಏನ್ರಿ ಇದು, ಸೆಕ್ರೇಟ್ರಿ ಸಾಹೇಬ್ರ?"

"ಗ್ರಾಮಸಭಾದ ಹಾಜರಿ ಅಕ್ಕಾ. ಒತ್ತು."

ಆಕೆ ಸೆರಗಿಗೆ ಕೈ ಒರೆಸಿಕೊಂಡು ನನ್ನ ಹಿಂದೆ ನೋಡಿದಳು. ಆಮೇಲೆ ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. "ಸಭಾ ಎಲ್ಲಿ ಅದರಿ? ಮೊದಲ ಸಭಾ ತೋರಸ್ರಿ, ಆಮ್ಯಾಲ ಹೆಬ್ಬಟ್ಟ ಒತ್ತತೇನಿ."

ನಾನು ನಿಯಮ, ಅವಧಿ, ಮೇಲಿನ ಆದೇಶ ಎಂದೆಲ್ಲ ಏನೇನೋ ಹೇಳಿದೆ. ಆಕೆ ಸಮಾಧಾನವಾಗಿ ಕೇಳಿಸಿಕೊಂಡು, "ಅದೆಲ್ಲ ಬರೋಬ್ಬರಿ. ಆದ್ರ ನಾ ಕಾಲುವಿ ದಾಟೂದರ ಬಗ್ಗಿ ಒಂದ ಮಾತ ಕೇಳಬೇಕಾಗ್ಯದ. ಈ ಬುಕ್ಕಿಗಿ ಕೇಳಲೇನು?" ಎಂದಳು. ಅಷ್ಟರಲ್ಲಿ ಓಣಿಯ ಮಂದಿ ನೆರೆದಿತ್ತು. ಆಗಲೇ ಹೆಬ್ಬೆಟ್ಟು ಒತ್ತಿದ್ದ ಮುದುಕನೊಬ್ಬ, "ಹೌದಲ್ಲ! ನಂದೂ ವಾಪಸ್ ಕೊಡ್ರಿ" ಎಂದ. ಒತ್ತಿದ ಹೆಬ್ಬೆಟ್ಟನ್ನು ವಾಪಸು ಕೊಡುವುದು ಹೇಗೆ ಎಂಬುದು ನನ್ನ ತರಬೇತಿಯಲ್ಲಿ ಇರಲಿಲ್ಲ. ಎಲ್ಲರ ಎದುರಿಗೆ ಆ ಹಾಳೆಗಳನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿದೆ. ಕಿವಿ ಬಿಸಿಯಾಗಿತ್ತು. ಬೈಗುಳ ತಿಂದಿದ್ದರೆ ಅಷ್ಟು ನಾಚಿಕೆ ಆಗುತ್ತಿರಲಿಲ್ಲ.

ಆಯಿತು, ನಿಜವಾದ ಸಭೆಯನ್ನೇ ಮಾಡೋಣ ಎಂದು ಹಟ ಬಂತು. ಕ್ಯಾಲೆಂಡರು ನೋಡಿ, ಹಬ್ಬ ಹುಣ್ಣಿಮೆ ಇಲ್ಲದ ಗುರುವಾರ ಗೊತ್ತು ಮಾಡಿದೆ. ಹಣಮಂತ ಡಂಗುರ ಸಾರಿದ. ಶಾಲೆಯ ಅಂಗಳದಲ್ಲಿ ಜಮಖಾನೆ ಹಾಸಿ, ಖುರ್ಚಿ ಇಟ್ಟು, ಹಂಡೆ ತುಂಬ ಚಹಾ ಕಾಯಿಸಿದೆವು. ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಾನು ಹನ್ನೊಂದಕ್ಕೆ ಕುಳಿತೆ. ಹನ್ನೆರಡಾಯಿತು. ಒಂದಾಯಿತು. ಅಧ್ಯಕ್ಷರು ಬಂದರು, ಮಾಸ್ತರು ಬಂದರು, ಮತ್ತೆ ಯಾರೂ ಬರಲಿಲ್ಲ. ನಾಲ್ಕು ಜನ ಸೇರಿ ಎಷ್ಟು ಚಹಾ ಕುಡಿಯಲು ಸಾಧ್ಯ? ಆಗ ಹಣಮಂತ ಹಗೂರಕ್ಕೆ, "ಸಾಹೇಬ್ರ, ಇವತ್ತ ಮುಂಜಾನಿ ಕಾಲುವಿಗಿ ನೀರ ಬಿಟ್ಟಾರ್ರಿ" ಎಂದ. ಹದಿನೈದು ದಿನ ನಿಂತಿದ್ದ ನೀರು ಬಂದಿತ್ತು. ಇಡೀ ಊರು ಹೊಲದಲ್ಲಿತ್ತು.

"ನಿನಗ ಗೊತ್ತಿತ್ತೇನು?"

"ಊರಿಗೇ ಗೊತ್ತಿತ್ತಲ್ರಿ."

"ಮತ್ತ ಹೇಳಬೇಕೋ ಬ್ಯಾಡೋ?"

"ನೀವು ಕ್ಯಾಲೆಂಡರ್ ನೋಡಾಕತ್ತಿದ್ರಿ. ನಡುವ ಯಾಕ ಬಾಯಿ ಹಾಕೂದಂತ ಸುಮ್ಮನಾದೆ."

ಮರುದಿನ ಶುಕ್ರವಾರ. ಉಳಿದದ್ದು ಒಂದೇ ದಿನ. ಮುಂಜಾನೆ ಕಚೇರಿಯ ಬೀಗ ತೆಗೆಯುವಾಗಲೇ ಸಾಬವ್ವ ಸೀರೆ ಮೇಲಕ್ಕೆ ಎತ್ತಿ ಕಟ್ಟಿಕೊಂಡು ಬಂದು ನಿಂತಿದ್ದಳು. ಈಗ ನಾನು ಕ್ಯಾಲೆಂಡರು ನೋಡಲಿಲ್ಲ, ಆಕೆಯ ಮುಖ ನೋಡಿದೆ. ಆಗಲೇ ಆಕೆ ಮಗಳ ಶಾಲೆಯ ಮಾತನ್ನೂ, ಗಂಡನ ಮಾತನ್ನೂ ಹೇಳಿದ್ದು. ಅಳಲಿಲ್ಲ, ಕೈ ಮುಗಿಯಲಿಲ್ಲ. "ಮಂದಿ ಹೊಲದಾಗ ಅದಾರ. ನೀವ ಹೊಲಕ್ಕ ಬರ್ರಿ" ಎಂದಳು.

"ಸಭಾ ಸಾರ್ವಜನಿಕ ಜಾಗದಾಗ ಆಗಬೇಕಕ್ಕಾ, ಕಾನೂನು ಅದ."

ಹಣಮಂತ ಈ ಸಲ ಬಾಯಿ ಹಾಕಿದ. "ಕಾಲುವಿ ದಂಡಿ ಸರಕಾರದ್ದಲ್ಲೇನ್ರಿ? ಅದರಕಿಂತ ಸಾರ್ವಜನಿಕ ಯಾವದದ?"

ಹೊರಟೆವು. ಮುಂದೆ ಡಂಗುರ ಸಾರುತ್ತ ಹಣಮಂತ, ಅವನ ತಲೆಯ ಮೇಲೆ ಅಧ್ಯಕ್ಷರ ಖುರ್ಚಿ, ಹಿಂದೆ ಅಧ್ಯಕ್ಷರು, ಅವರ ಹಿಂದೆ ರಿಜಿಸ್ಟರು ಎದೆಗವಚಿಕೊಂಡ ನಾನು. ಬದುವಿನ ಮೇಲೆ ನಡೆಯುವುದು ನನ್ನ ಕೆಲಸವಲ್ಲ ಎಂದು ಹತ್ತು ಹೆಜ್ಜೆಗೇ ಗೊತ್ತಾಯಿತು. ಕಾಲು ಜಾರಿ ನೆಲ್ಲು ಮಡಿಯಲ್ಲಿ ಕುಕ್ಕರಿಸಿ ಬಿದ್ದೆ. ರಿಜಿಸ್ಟರನ್ನು ಮಾತ್ರ ತಲೆಯ ಮೇಲೆ ಎತ್ತಿ ಹಿಡಿದಿದ್ದೆ, ಅದೊಂದು ಪುಣ್ಯ. ಮಡಿಯ ತುಂಬ ಹೆಣ್ಣುಮಕ್ಕಳು ಬಾಗಿದ ಸೊಂಟ ನೆಟ್ಟಗೆ ಮಾಡಿ ನಕ್ಕರು ನೋಡಿ, ಆ ನಗು ಆಚೆ ಹೊಲದವರನ್ನೂ ಎಳೆದು ತಂದಿತು. ಡಂಗುರಕ್ಕೆ ಬಾರದ ಜನ ನಾನು ಬಿದ್ದದ್ದಕ್ಕೆ ಬಂದರು.

ಕಾಲುವೆ ದಂಡೆಯ ಮೇಲೆ ಸಭೆ ಕೂಡಿತು. ಕೂಡಿದ್ದೇನು ಬಂತು, ಯಾರೂ ನೆಲಕ್ಕೆ ಕೂಡ್ರಲಿಲ್ಲ, ಎಲ್ಲರೂ ನಿಂತೇ ಇದ್ದರು. ಒಬ್ಬ ದೊಡ್ಡ ರೈತ, ಕಾಲುದಾರಿ ತನ್ನ ಹೊಲದ ಹತ್ತಿರ ಆಗಲಿ, ಎತ್ತು ದಾಟಿಸಲು ಅನುಕೂಲ ಎಂದ. ಮಾತು ಜೋರಾಯಿತು. ಸಾಬವ್ವ ಗಲಾಟೆ ಮಾಡಲಿಲ್ಲ. ಹೆಣ್ಣಾಳುಗಳ ಕಡೆ ತಿರುಗಿ, "ಯಾರ್ಯಾರ ಹುಡುಗೂರು ಬೊಡ್ಡಿ ಮ್ಯಾಲ ದಾಟಿ ಸಾಲಿಗಿ ಹೋಗ್ತಾವ, ಕೈ ಎತ್ರೆ" ಎಂದಳು. ಕೆಸರಿನ ಕೈಗಳು ಒಂದೊಂದಾಗಿ ಮೇಲೆದ್ದವು. ಒಬ್ಬಳು ಎರಡೂ ಕೈ ಎತ್ತಿದಳು, ಆಕೆಗೆ ಇಬ್ಬರು ಮಕ್ಕಳು. ಆ ರೈತ ಆ ಕೈಗಳನ್ನು ನೋಡಿದ, ನಾಳೆ ತನ್ನ ಗದ್ದೆಗೆ ನಾಟಿಗೆ ಬರಬೇಕಾದ ಕೈಗಳೂ ಅವೇ. "ಆತ್ ತಗಿ, ಸಾಲಿ ಕಡೀಗೇ ಆಗ್ಲಿ" ಎಂದು ತಾನೇ ಮೊದಲು ನಕ್ಕ. ನಾನು ಠರಾವು ಬರೆದೆ. ಓದಿ ಹೇಳಿದೆ. "ಇನ್ನೊಮ್ಮಿ ಓದ್ರಿ" ಎಂದರು. ಓದಿದೆ. ನನ್ನ ಬರಹವನ್ನು ಅಷ್ಟು ಪ್ರೀತಿಯಿಂದ ಯಾರೂ ಮತ್ತೆ ಕೇಳಿಲ್ಲ.

ಹಾಜರಿಯ ಹೊತ್ತಿಗೆ ಜೇಬಿಗೆ ಕೈ ಹಾಕಿದರೆ ಸ್ಟಾಂಪ್ ಪ್ಯಾಡು ಇಲ್ಲ. ನಾನು ಬಿದ್ದಲ್ಲೇ ಅದೂ ಬಿದ್ದು, ಮಡಿಯ ನೀರಿನಲ್ಲಿ ಶಾಯಿ ಬಿಟ್ಟುಕೊಂಡು ಮುಳುಗಿತ್ತು. ಊರಿಗೆ ಹೋಗಿ ಬೇರೆ ತರುವಷ್ಟರಲ್ಲಿ ಜನ ಚದುರುತ್ತಾರೆ. ಸಾಬವ್ವ ತನ್ನ ಕೈ ನೋಡಿಕೊಂಡಳು. "ಮಣ್ಣ ಅದಲ್ರಿ!" ಎಂದು ಎರೆ ಕೆಸರಿನಲ್ಲಿ ಹೆಬ್ಬೆರಳು ಅದ್ದಿ ಹೆಸರಿನ ಮುಂದೆ ಒತ್ತಿದಳು. "ತಗೋರಿ. ಈಗ ಸಭಾ ಕಂಡಿತು."

ನೂರಕ್ಕೂ ಹೆಚ್ಚು ಕಪ್ಪು ಹೆಬ್ಬೆಟ್ಟುಗಳು ಬಿದ್ದವು. ಕೊನೆಗೆ ಅವುಗಳ ಕೆಳಗೆ ನಾನು ಸಹಿ ಮಾಡಿದೆ, ಸುತ್ತು, ಬಾಲ, ಎರಡು ಗೆರೆ, ಎರಡು ಚುಕ್ಕೆ. ಆ ಪುಟದಲ್ಲಿ ಅದೊಂದೇ ಸುಳ್ಳಿನ ಹಾಗೆ ಕಾಣುತ್ತಿತ್ತು.

ಶನಿವಾರ ತಾಲೂಕಿನ ಸಾಹೇಬರ ಮುಂದೆ ರಿಜಿಸ್ಟರು ಬಿಚ್ಚಿದೆ. ಒಣಗಿದ ಮಣ್ಣು ಅವರ ಮೇಜಿನ ಗಾಜಿನ ಮೇಲೆ ಉದುರಿತು. "ಏನಿದು?" ಎಂದರು. ನಾನು ಎಲ್ಲವನ್ನೂ ಹೇಳಿದೆ. ಇದು ತಿರಸ್ಕಾರವಾದರೆ ನಾಗಮ್ಮ ಆಡಿನ ಹಿಂದೆ ಹೋಗುತ್ತಾಳೆ ಎಂಬುದನ್ನೂ ಹೇಳಿದೆ. ಅವರು ಪುಟವನ್ನು ಮೂಗಿನ ಹತ್ತಿರ ಹಿಡಿದರು. ರೈತರ ಮನೆಯಿಂದಲೇ ಬಂದವರಿರಬೇಕು. "ಇಷ್ಟ ವರ್ಷ ಹಾಜರಿ ನೋಡಾಕತ್ತೇನಿ. ಸಭಾ ಆದ ವಾಸನಿ ಬಂದದ್ದು ಇದೊಂದಕ್ಕ" ಎಂದು ಕೆಳಗೆ ಸಹಿ ಹಾಕಿದರು. ನಾನು ಹೊರಗೆ ಬಂದು ಬಸ್ಸಿಗೆ ಕಾಯದೆ ಒಂದು ಮೈಲಿ ಸುಮ್ಮನೆ ನಡೆದುಬಿಟ್ಟೆ. ಅಷ್ಟು ಸಂತೋಷವಾಗಿತ್ತು.

ಮುಂದಿನ ಮಳೆಗಾಲದ ಹೊತ್ತಿಗೆ ಕಾಲುದಾರಿ ಆಯಿತು. ಇಬ್ಬರು ಜೊತೆಯಾಗಿ ನಡೆಯುವಷ್ಟು ಅಗಲದ ಕಾಂಕ್ರೀಟು. ನಾಗಮ್ಮ ಮೊದಲ ದಿನ ಅದರ ಮೇಲೆ ಅತ್ತಿಂದಿತ್ತ ಮೂರು ಸಲ ಓಡಿ, ಶಾಲೆಗೆ ತಡಮಾಡಿ, ಮಾಸ್ತರರಿಂದ ಬೈಸಿಕೊಂಡಳು. ಆ ವರ್ಷದ ಸಭೆಯ ದಿನವನ್ನು ನಾನು ಕಾಲುವೆ ಗೇಟಿನವನನ್ನು ಕೇಳಿಯೇ ಗೊತ್ತು ಮಾಡಿದೆ, ಕಾಲುವೆಗೆ ನೀರು ನಿಲ್ಲಿಸುವ ದಿನ. ಜಮಖಾನೆ ಸಾಲಲಿಲ್ಲ. ಸಾಬವ್ವ ಹೊಗಳುತ್ತಾಳೆಂದು ಕಾದಿದ್ದೆ. ಆಕೆ ಎದ್ದು ನಿಂತು, "ಕಾಲುದಾರಿ ಆಗ್ಯದ, ಖರೇ. ಹಿಡಕೊಳ್ಳಾಕ ಕಂಬಿ ಎಲ್ಲಿ ಅವರಿ?" ಎಂದಳು.

ಇದೆಲ್ಲ ನಿನ್ನೆ, ಎತ್ತಿದ ಪೆನ್ನು ಇಳಿಯುವಷ್ಟರಲ್ಲಿ, ನನ್ನ ಕಣ್ಣ ಮುಂದೆ ಹಾದುಹೋಯಿತು. ನಿವೃತ್ತನಾದ ಮೇಲೆ ನಾನು ಒಂದು ವಾರ್ಡ್ ಸಭೆಗೂ ಹೋದವನಲ್ಲ. ಬೀದಿದೀಪ ಇಲ್ಲವೆಂದು ಕಟ್ಟೆಯ ಮೇಲೆ ಕೂತು ಬೈಯುವುದು, ಇಂಥ ಹುಡುಗಿಯರು ಬಂದರೆ ಸುಂದರವಾಗಿ ಸಹಿ ಹಾಕಿ ಕಳಿಸುವುದು, ಇಷ್ಟೇ ನನ್ನ ಪೌರಧರ್ಮ. ಕಳೆದ ವರ್ಷವೂ ಹಾಕಿದ್ದೇನೆ.

"ಸಭಾ ಎಲ್ಲಿ ಅದ ತಂಗಿ?" ಎಂದೆ. "ಮೊದಲ ಸಭಾ ತೋರಸು."

ಹುಡುಗಿಯ ಮುಖ ಕೆಂಪಾಯಿತು. ಆ ಕೆಂಪು ನನಗೆ ಪರಿಚಯದ್ದು. "ಹೋದ ವಾರ ಕರದಿದ್ದೆರಿ ಸರ್. ಒಬ್ಬರೂ ಬರಲಿಲ್ಲ" ಎಂದಳು, ಅಳುವ ದನಿಯಲ್ಲಿ.

"ಯಾವ ಹೊತ್ತಿಗೆ ಕರದಿದ್ದಿ?"

"ಹನ್ನೆರಡಕ್ಕ."

"ಈ ಓಣಿಯೊಳಗ ನಲ್ಲಿ ನೀರು ಬರೂದು ಯಾವ ಹೊತ್ತಿಗೆ ಗೊತ್ತದೇನು? ಅದೇ ಹನ್ನೆರಡಕ್ಕ!" ಎಂದು ನಕ್ಕೆ. ಆಕೆಯೂ ಹಣೆ ಬಡಿದುಕೊಂಡು ನಕ್ಕಳು.

ಒಳಗಿಂದ ಎರಡು ಖುರ್ಚಿ ತಂದು ಓಣಿಯ ನಡುವೆ ಇಟ್ಟೆ. ನನ್ನ ಹೆಂಡತಿ ಶಹಾಪುರದವಳು, ಕಾರಣ ಕೇಳದೆ ಯಾವ ಕೆಲಸಕ್ಕೂ ಕೈ ಹಚ್ಚುವವಳಲ್ಲ. "ಏನ ನಡಸೀರಿ?" ಎಂದು ಕೇಳಿದಳು, ಹೇಳಿದೆ, ಚಾಪೆ ತಂದು ಹಾಸಿದಳು. ನಾನು ಮನೆ ಮನೆಗೆ ಹೋಗಿ ಕರೆದೆ. ತಾಟು ಬಾರಿಸುವ ಆಸೆಯಾಗಿತ್ತು, ಹೆಂಡತಿ ತಡೆದಳು. ಬೆಳಕು ಇಳಿಯುವ ಹೊತ್ತಿಗೆ ಮೂವತ್ತು ಮಂದಿ ಆಗಿದ್ದರು. ಪಕ್ಕದ ಮನೆಯ ಅಜ್ಜಿ ತಾನು ಆಗಲೇ ಒತ್ತಿದ ಹೆಬ್ಬೆಟ್ಟನ್ನು ಗೆರೆ ಎಳೆದು ಹೊಡೆದುಹಾಕಿಸಿ, ಹೊಸದಾಗಿ ಒತ್ತುತ್ತೇನೆಂದು ಕೂತಳು. ಬೀದಿದೀಪದ ಮಾತು ಬಂತು. ಮುಚ್ಚಳವಿಲ್ಲದ ಗಟಾರದ ಮಾತು ಬಂತು. ಮೂವತ್ತೈದು ವರ್ಷ ನನ್ನನ್ನು ಬಿಟ್ಟು ಬೇರೆ ಯಾವ ಸರಕಾರಿ ನೌಕರರನ್ನೂ ಬೈಯದ ನನ್ನ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ಎದ್ದು ನಿಂತು, "ಆ ಗಟಾರದ ಬಾಜೂಕ ಕೂಸುಗಳು ಆಡತಾವ. ಯಾವಾಗ ಮುಚ್ಚತೀರಿ, ಅದನ್ನ ಬರಕೋ ಮೊದಲ" ಎಂದಳು. ಹುಡುಗಿ ಬರೆದುಕೊಂಡಳು. "ಇನ್ನೊಮ್ಮಿ ಓದು" ಎಂದೆ. ಓದಿದಳು.

ಎಲ್ಲ ಮುಗಿದ ಮೇಲೆ ಆಕೆ ರಿಜಿಸ್ಟರು ತಂದು ಪೆನ್ನು ಚಾಚಿದಳು. "ಈಗರೆ ಸಹಿ ಹಾಕತೀರೇನ್ರಿ, ಸರ್?"

ನಾನು ಪೆನ್ನು ಹಿಂದಕ್ಕೆ ಕೊಟ್ಟು ಆ ತಗಡಿನ ಡಬ್ಬಿ ಕೇಳಿದೆ. ಇವತ್ತು ಎರಡು ಸಲ ಸಾಬೂನು ಹಚ್ಚಿ ತೊಳೆದರೂ ಹೆಬ್ಬೆರಳು ಇನ್ನೂ ನೇರಳೆಯೇ ಇದೆ.