ಅವನು ಹೇಳದೆ ಹೋದ ವಾರ

ಪ್ರೇಮಕಾದಂಬರಿಯೆಂದರೆ ಊಟವಾದ ಮೇಲೆ ನಿದ್ದೆ ಬರುವವರೆಗೆ ಓದುವ ಸರಕೆಂದು ವಿದ್ವಾಂಸರು ಮೂಗು ಮುರಿಯುತ್ತಿದ್ದ ಕಾಲದಲ್ಲಿ, ಆ ವಿದ್ವಾಂಸರ ಮನೆಗಳಲ್ಲೇ ಗುರುವಾರದ ವಾರಪತ್ರಿಕೆಗಾಗಿ ಕಿತ್ತಾಟ ಹಚ್ಚಿದ ಲೇಖಕಿ ನಮ್ಮವರು. ನಲವತ್ತನಾಲ್ಕು ವರ್ಷಗಳಲ್ಲಿ ಮೂವತ್ತೆಂಟು ಧಾರಾವಾಹಿಗಳನ್ನು ಬರೆದ ಅವರು ಒಂದು ವಾರವಾದರೂ ಕಂತು ತಪ್ಪಿಸಿದವರಲ್ಲ. ಮಗಳ ಹೆರಿಗೆಯ ವಾರವೂ ತಪ್ಪಿಸಲಿಲ್ಲ, ತಮ್ಮದೇ ಹೆರಿಗೆಯ ವಾರವೂ ತಪ್ಪಿಸಿರಲಿಲ್ಲವಂತೆ. ಪತ್ರಿಕೆಯ ಕಚೇರಿಯಲ್ಲಿ ಅವರ ಹೆಸರು ಹಿಡಿದು ಕರೆದವರು ಕಡಿಮೆ. ಪ್ರತಿ ಮಂಗಳವಾರ ಹೊತ್ತಿಗೆ ಸರಿಯಾಗಿ ಮೆಟ್ಟಿಲು ಹತ್ತಿ ಬರುತ್ತಿದ್ದ ಅವರನ್ನು ಸಂಪಾದಕರಿಂದ ಹಿಡಿದು ಕಾವಲುಗಾರನವರೆಗೆ ಎಲ್ಲರೂ ಕರೆಯುತ್ತಿದ್ದುದು ‘ಕಂತಿನಕ್ಕ’ ಎಂದೇ. ಎಪ್ಪತ್ತು ತುಂಬಿದ ಈ ಸಂದರ್ಭದಲ್ಲಿ ವಾರವಾರದ ಬರವಣಿಗೆಯಿಂದ ತಾವು ನಿವೃತ್ತರಾಗುತ್ತಿರುವುದಾಗಿ ಅವರು ಸಾರಿರುವುದರಿಂದ ಈ ಅಭಿನಂದನ ಗ್ರಂಥ ಹೊರಬರುತ್ತಿದೆ.

ನಾನು ವಿಮರ್ಶಕಿಯಲ್ಲ. ಆ ವಾರಪತ್ರಿಕೆಗೆ ಕರಡು ತಿದ್ದುವವಳಾಗಿ ಸೇರಿ, ಈಗ ಅದರ ಕಥಾವಿಭಾಗವನ್ನು ನೋಡಿಕೊಳ್ಳುತ್ತಿರುವವಳು. ಈ ಗ್ರಂಥದ ಇತರ ಲೇಖನಗಳಲ್ಲಿ ನಾಲ್ಕಾದರೂ ಕಂತಿನಕ್ಕನವರ ‘ಮೌನದ ಕಲೆ’ಯನ್ನು ಕುರಿತು ಇರುತ್ತವೆಂಬುದು ನನಗೆ ಗೊತ್ತು. ಪ್ರೀತಿಯ ಮಾತನ್ನು ನಾಯಕನ ಬಾಯಿಂದ ಆಡಿಸದೆಯೇ ಓದುಗರ ಎದೆಗೆ ಮುಟ್ಟಿಸುವ ಅವರ ಬಗೆ ಎಲ್ಲಿ ಹುಟ್ಟಿತು, ಯಾವ ಓದಿನಿಂದ ಬಂತು ಎಂದು ಅವರೆಲ್ಲ ಶೋಧಿಸಿರುತ್ತಾರೆ. ಅದು ಹುಟ್ಟಿದ್ದು ನನ್ನ ಒಂದು ತಪ್ಪಿನಿಂದ. ಮೂವತ್ತೆರಡು ವರ್ಷ ಈ ವಿಷಯದಲ್ಲಿ ನಾನು ತುಟಿಪಿಟಕ್ಕೆಂದಿಲ್ಲ. ಅಂದು ಹೋಗಬೇಕಿದ್ದ ನನ್ನ ಕೆಲಸವನ್ನು ಉಳಿಸಿದವರಿಗೆ ಎಲ್ಲರೆದುರು ಕೃತಜ್ಞತೆ ಹೇಳಲು ಇದಕ್ಕಿಂತ ಒಳ್ಳೆಯ ಅವಕಾಶ ಮತ್ತೆ ಸಿಗಲಾರದು; ಆದ್ದರಿಂದ ಹೇಳಿಬಿಡುತ್ತೇನೆ.

ಮೊದಲು ಅವರ ಬರವಣಿಗೆಯ ಪದ್ಧತಿಯನ್ನು ತಿಳಿಸಬೇಕು. ಕಂತಿನಕ್ಕನವರು ಮೂವತ್ತಾರು ವರ್ಷ ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಗುಮಾಸ್ತೆಯಾಗಿದ್ದರು. ಬೆಳಿಗ್ಗೆ ಐದರಿಂದ ಏಳರವರೆಗೆ ಮನೆಯ ಊಟದ ಮೇಜಿನ ಒಂದು ಮೂಲೆಯಲ್ಲಿ ಕೂತು ಕಥೆಯನ್ನು ಬರೆಯುತ್ತಿದ್ದರು: ಬೀದಿ, ಮನೆ, ಹವೆ, ಜಗಳ, ಆಸ್ಪತ್ರೆ, ಮದುವೆಯ ಮಾತುಕತೆ ಎಲ್ಲವೂ. ಆದರೆ ಪ್ರೇಮಿಗಳಿಬ್ಬರೂ ಒಂಟಿಯಾಗಿ ಸಿಕ್ಕಾಗ ಆಡುವ ಮಾತನ್ನು ಮಾತ್ರ ಅಲ್ಲಿ ಬರೆಯುತ್ತಿರಲಿಲ್ಲ. ಆ ಮೇಜಿನ ಇನ್ನೊಂದು ತುದಿಯಲ್ಲಿ ಅತ್ತೆಯವರು ತರಕಾರಿ ಹೆಚ್ಚುತ್ತ, ಕನ್ನಡಕದ ಮೇಲಿಂದ ಸೊಸೆಯ ಕಡೆ ನೋಡುತ್ತ ಕೂತಿರುತ್ತಿದ್ದರು. “ಅವರ ಎದುರಿಗೆ ‘ನನ್ನ ಜೀವವೇ’ ಅಂತ ಬರೆಯೋಕೆ ಕೈ ಓಡೋದಾದ್ರೂ ಹೇಗೆ?” ಎಂದು ಅಕ್ಕ ನಗುತ್ತಿದ್ದರು.

ಹಾಗಾಗಿ ಆ ಜಾಗವನ್ನು ಖಾಲಿ ಬಿಟ್ಟು, ಪ್ರೇಮದ ಮಾತನ್ನು ಕಚೇರಿಯ ಊಟದ ವಿರಾಮದಲ್ಲಿ ಬರೆಯುತ್ತಿದ್ದರು. ಬರೆಯಲು ಕಾಗದ, ಹಾಳಾದ ದೂರು ನಮೂನೆಗಳ ಹಿಂಬದಿ. ಅಲ್ಲಿಯೂ ನೆಮ್ಮದಿಯಿಲ್ಲ, ಸಹೋದ್ಯೋಗಿಗಳು ಹಿಂದಿನಿಂದ ಇಣುಕಿ, ಓದಿದ ಒಂದು ಸಾಲನ್ನು ಇಡೀ ಕೋಣೆಗೆ ಕೇಳುವಂತೆ ಹೇಳಿ ಕಾಡುತ್ತಿದ್ದರಂತೆ. ಅದಕ್ಕೇ ಬರೆದು ಮುಗಿದ ಕೂಡಲೆ ಆ ಚೀಟಿಯನ್ನು ಬರಹ ಒಳಗಾಗುವಂತೆ ಮಗುಚಿ, ಅದು ಸೇರಬೇಕಾದ ಹಾಳೆಗೆ ಗುಂಡುಸೂಜಿಯಿಂದ ಚುಚ್ಚಿಬಿಡುತ್ತಿದ್ದರು. ಮೇಲೆ ಕಾಣುತ್ತಿದ್ದುದು ಅಚ್ಚಾದ ನಮೂನೆ ಮಾತ್ರ: ‘ಸೋರಿಕೆಯ ಸ್ಥಳ’, ‘ಸೋರಿಕೆ ಎಷ್ಟು ದಿನಗಳಿಂದ’, ‘ದೂರುದಾರರ ಸಹಿ’. ನಾಡಿನ ಓದುಗರ ನಿದ್ದೆ ಕೆಡಿಸಿದ ಪ್ರೇಮನಿವೇದನೆಗಳೆಲ್ಲ ಸೋರುವ ನಲ್ಲಿಗಳ ಬೆನ್ನ ಮೇಲೆ ಹುಟ್ಟಿದವೆಂಬುದು ನನಗೆ ಇಂದಿಗೂ ಹೆಮ್ಮೆಯ ಸಂಗತಿ.

ಆ ದೂರು ವಿಭಾಗವೇ ತಮ್ಮ ಪಾಠಶಾಲೆಯೆಂದು ಅವರು ಹೇಳುತ್ತಿದ್ದರು. ಕಿಟಕಿಯ ಮುಂದೆ ನಿಂತವರು ನೇರವಾಗಿ ವಿಷಯಕ್ಕೆ ಬರುವುದೇ ಇಲ್ಲವಂತೆ. ಮಗನ ಸೋಮಾರಿತನ, ಪಕ್ಕದ ಮನೆಯವರ ಜಂಬ, ತಮ್ಮ ಮಂಡಿನೋವು ಎಲ್ಲ ಮುಗಿದ ಮೇಲೆ ಹೊರಡುವಾಗ ತಿರುಗಿ, “ಅಂದಹಾಗೆ ನಾಲ್ಕು ದಿನದಿಂದ ನೀರೇ ಬಂದಿಲ್ಲ” ಎನ್ನುತ್ತಿದ್ದರಂತೆ. ಮನುಷ್ಯರು ಮಾತಾಡುವ ರೀತಿಯನ್ನು ಇಷ್ಟು ತಾಳ್ಮೆಯಿಂದ ಕೇಳಿಸಿಕೊಂಡ ಇನ್ನೊಬ್ಬ ಲೇಖಕಿಯನ್ನು ನಾನು ಕಂಡಿಲ್ಲ. ಅವರ ಕರುಣೆಯೂ ಅದೇ ಜಾತಿಯದು, ಸದ್ದಿಲ್ಲದ್ದು. ನಮ್ಮಲ್ಲಿ ಅಚ್ಚಿನ ಮೊಳೆ ಜೋಡಿಸುವ ಹಿರಿಯರಿಗೆ ಕಣ್ಣು ಮಂಜಾಗುತ್ತಿದೆಯೆಂದು ಯಾರಿಗೂ ಗೊತ್ತಾಗುವ ಮೊದಲೇ ಅಕ್ಕನ ಕೈಬರಹ ದಪ್ಪಗಾಗಿತ್ತು. ಪುಟಕ್ಕೆ ಮೂವತ್ತು ಸಾಲು ಬರೆಯುತ್ತಿದ್ದವರು ಹದಿನಾರಕ್ಕೆ ಇಳಿದರು. ಏಕೆಂದು ನಾನೊಮ್ಮೆ ಕೇಳಿದ್ದಕ್ಕೆ, “ವಯಸ್ಸಾಯ್ತಲ್ಲ, ಕೈ ತಡೆಯೋಲ್ಲ” ಎಂದರು. ಆಗ ಅವರಿಗೆ ನಲವತ್ತೂ ತುಂಬಿರಲಿಲ್ಲ.

ಇನ್ನು ನನ್ನ ತಪ್ಪಿನ ವಿಚಾರ. ನಾನು ಕೆಲಸಕ್ಕೆ ಸೇರಿದಾಗ ನನಗೆ ಇಪ್ಪತ್ತೊಂದು. ಮೂರು ತಿಂಗಳು ನೋಡಿ ಆಮೇಲೆ ಖಾಯಂ ಮಾಡುವುದೆಂದು ಮಾತಾಗಿತ್ತು. ಅಪ್ಪ ಕಾಯಿಲೆಯಿಂದ ಕೆಲಸ ಬಿಟ್ಟಿದ್ದರು, ತಂಗಿ ಇನ್ನೂ ಓದುತ್ತಿದ್ದಳು. ಆ ಕೆಲಸ ಹೋದರೆ ಮನೆಗೆ ಬೇರೆ ದಿಕ್ಕಿರಲಿಲ್ಲ. ಆಗ ಅಕ್ಕನ ಹನ್ನೊಂದನೆಯ ಧಾರಾವಾಹಿ ನಡೆಯುತ್ತಿತ್ತು. ಗಡಿಯಾರ ರಿಪೇರಿ ಮಾಡುವ ಮಾತುಗಳ್ಳನೊಬ್ಬ ಒಬ್ಬ ನರ್ಸನ್ನು ಹದಿನೆಂಟು ವಾರಗಳಿಂದ ಮನಸ್ಸಿನಲ್ಲೇ ಪ್ರೀತಿಸುತ್ತಿದ್ದ. ಹತ್ತೊಂಬತ್ತನೆಯ ಕಂತಿನಲ್ಲಿ ರೈಲು ನಿಲ್ದಾಣದಲ್ಲಿ ಅವನು ಬಾಯಿಬಿಡುತ್ತಾನೆಂದು ನಮ್ಮ ಸಂಪಾದಕರು ಹಿಂದಿನ ವಾರವೇ ದಪ್ಪಕ್ಷರದಲ್ಲಿ ಡಂಗುರ ಹೊಡೆಸಿದ್ದರು.

ಮಂಗಳವಾರ ಕಂತು ಬಂತು. ಕರಡು ತಿದ್ದುವ ಹಿರಿಯರು ರಜೆಯಲ್ಲಿದ್ದರು. ಹಸ್ತಪ್ರತಿಯನ್ನು ಅಚ್ಚಿಗೆ ಸಿದ್ಧಪಡಿಸುವ ಕೆಲಸ ನನ್ನ ಪಾಲಿಗೆ ಬಿತ್ತು. ಅಕ್ಕನ ಚೀಟಿಗಳ ಪದ್ಧತಿಯನ್ನು ನನಗೆ ಯಾರೂ ಹೇಳಿರಲಿಲ್ಲ. ಹಾಳೆಗೆ ಚುಚ್ಚಿದ್ದ ನೀರಿನ ಕಚೇರಿಯ ನಮೂನೆ ಕಣ್ಣಿಗೆ ಬಿತ್ತು. ಪಾಪ, ಕಚೇರಿಯ ಕಾಗದ ಕಥೆಯ ಜೊತೆ ಸೇರಿಕೊಂಡು ಬಂದಿದೆ, ಯಾರ ಮನೆಯ ನಲ್ಲಿಯೋ ಏನೋ ಎಂದುಕೊಂಡು, ಅದನ್ನು ಜೋಪಾನವಾಗಿ ಬಿಚ್ಚಿ, ಅಕ್ಕ ಬಂದಾಗ ಕೊಡಲೆಂದು ನನ್ನ ಮೇಜಿನ ಕಾಗದದ ತಟ್ಟೆಯಲ್ಲಿಟ್ಟೆ. ತಿರುಗಿಸಿಯೂ ನೋಡಲಿಲ್ಲ. ಇನ್ನೊಬ್ಬರ ಕಾಗದ ಓದಬಾರದೆಂಬ ಸಭ್ಯತೆ ಬೇರೆ!

ಗುರುವಾರ ಪತ್ರಿಕೆ ಬಂದಾಗ ಕಥೆ ಹೀಗಿತ್ತು: ಅವನು ಕೈಚೀಲ ಕೆಳಗಿಟ್ಟು ಅವಳ ಕಡೆ ತಿರುಗಿದ. ರೈಲು ಹೊರಟಿತು. ಅವಳು ಬಹಳ ಹೊತ್ತು ಅಲ್ಲೇ ನಿಂತಿದ್ದಳು.

ಹನ್ನೊಂದು ಸಾಲಿನ ಪ್ರೇಮನಿವೇದನೆ ನನ್ನ ತಟ್ಟೆಯಲ್ಲಿ ತಣ್ಣಗೆ ಮಲಗಿತ್ತು.

ಶುಕ್ರವಾರದಿಂದ ಫೋನು ಬಡಿದುಕೊಳ್ಳತೊಡಗಿತು. ಒಬ್ಬಾಕೆ, “ಅವನಿಗೇನು ಬಾಯಿಗೆ ಬೀಗ ಹಾಕಿದ್ದೀರಾ?” ಎಂದು ನನ್ನನ್ನೇ ಗದರಿಸಿದರು. ಸೋಮವಾರ ಕಾಗದಗಳು ಚೀಲ ತುಂಬಿ ಬಂದವು. ಸಂಪಾದಕರು ಮಂಗಳವಾರ ಬೆಳಿಗ್ಗೆ ಹಸ್ತಪ್ರತಿ ತರಿಸಿ ನೋಡಿದರು; ಹಾಳೆಯಲ್ಲಿ ಸೂಜಿ ಚುಚ್ಚಿದ ಎರಡು ತೂತು ಕಂಡರು; ನೇರವಾಗಿ ನನ್ನ ಮೇಜಿಗೆ ಬಂದು ತಟ್ಟೆಯಿಂದ ಆ ನಮೂನೆಯನ್ನು ಎತ್ತಿ ಮಗುಚಿದರು. “ಅವರು ಬರಲಿ. ಅವರ ಮುಂದೆ ಕ್ಷಮೆ ಕೇಳಿ, ಹಾಗೇ ಮನೆಗೆ ಹೋಗು. ನಾಳೆಯಿಂದ ಬರೋದು ಬೇಡ” ಎಂದರು. ಅವರು ಕೆಟ್ಟವರಲ್ಲ; ಅವರ ಜಾಗದಲ್ಲಿದ್ದರೆ ಇಂದು ನಾನೂ ಅದನ್ನೇ ಹೇಳುತ್ತಿದ್ದೆನೋ ಏನೋ.

ಕಂತಿನಕ್ಕ ಎಂದಿನ ಹೊತ್ತಿಗೆ ಬಂದರು. ಸಂಪಾದಕರ ಕೋಣೆಯಲ್ಲಿ ನಾನು ಗೋಡೆಗೆ ಅಂಟಿಕೊಂಡು ನಿಂತಿದ್ದೆ. ಸಂಪಾದಕರು ಚೀಟಿಯನ್ನು ಮುಂದಿಟ್ಟು, “ಮೇಡಂ, ದೊಡ್ಡ ಅನಾಹುತ ಆಗಿದೆ. ಈ ಹುಡುಗಿ…” ಎಂದು ಶುರುಮಾಡಿದರು.

ಅಕ್ಕ ಚೀಟಿಯ ಕಡೆ ನೋಡಿದರು, ನನ್ನ ಕಡೆ ನೋಡಿದರು. “ಅದಾ? ಅದನ್ನ ಹಾಕಬೇಡ ಅಂತ ನಾನೇ ಫೋನ್ ಮಾಡಿ ಹೇಳಿದ್ದೆನಲ್ಲ ಇವಳಿಗೆ.”

“ನನಗೆ ಯಾರೂ ಹೇಳಲಿಲ್ಲವಲ್ಲ?”

“ನಿಮಗೆ ಹೇಳಬೇಡ ಅಂತಾನೂ ಅಂದಿದ್ದೆ. ಹೇಳಿದ್ರೆ ನೀವು ಬಿಡ್ತಿದ್ರಾ? ವಾರದ ಹಿಂದೇನೆ ಊರಿಗೆಲ್ಲ ಸಾರಿದ್ರಿ.” ಆಮೇಲೆ ನನ್ನ ಕಡೆ ತಿರುಗಿ, “ಪಾಪ, ಹೇಳಿದ ಮಾತು ಉಳಿಸಿಕೊಂಡಿದ್ದಾಳೆ. ಇಂಥೋಳನ್ನ ಬಿಡಬೇಡಿ” ಎಂದರು.

ನನಗೆ ಯಾವ ಫೋನೂ ಬಂದಿರಲಿಲ್ಲ.

ಆ ಒಂದು ಸುಳ್ಳಿಗೆ ಅವರು ತೆತ್ತದ್ದನ್ನು ಓದುಗರು ತಿಳಿಯಬೇಕು. ಅಂದು ಅವರ ಚೀಲದಲ್ಲಿ ಇಪ್ಪತ್ತನೆಯ ಕಂತು ಸಿದ್ಧವಾಗಿತ್ತು. ಅದರಲ್ಲಿ ಇಬ್ಬರ ಮದುವೆ ಗೊತ್ತಾಗಿತ್ತು. ಅದನ್ನು ಹೊರಗೆ ತೆಗೆಯದೆ, “ನಾಳೆ ಕೊಡ್ತೀನಿ” ಎಂದು ಎದ್ದರು. ಕಚೇರಿಗೆ ಅರ್ಧ ದಿನ ರಜೆ ಹಾಕಿ, ರಾತ್ರಿಯಿಡೀ ಕೂತು, ಹೇಳದೆ ಹೋದವನ ಕಥೆಯನ್ನು ಮತ್ತೆ ಮೊದಲಿನಿಂದ ಯೋಚಿಸಿ, ಬುಧವಾರ ಬೆಳಿಗ್ಗೆ ಅಚ್ಚಿಗೆ ಹೋಗುವ ಮುನ್ನ ಹೊಸ ಕಂತು ತಂದರು. ಇಪ್ಪತ್ತಾರು ವಾರಕ್ಕೆ ಮುಗಿಯಬೇಕಿದ್ದ ಕಥೆ ನಲವತ್ತಮೂರು ವಾರ ನಡೆಯಿತು. ಅವನು ಕೊನೆಯವರೆಗೂ ಆ ಮಾತನ್ನು ಆಡಲಿಲ್ಲ; ಅವಳ ನಿಂತುಹೋದ ಕೈಗಡಿಯಾರವನ್ನು ಸರಿಮಾಡಿ ಕಳಿಸಿಕೊಟ್ಟ, ಅಷ್ಟೆ. ಅದನ್ನು ಓದಿ ನಾಡಿಗೆ ನಾಡೇ ಅತ್ತಿತು. ಮೂಗು ಮುರಿಯುತ್ತಿದ್ದ ವಿದ್ವಾಂಸರು ಮೊದಲ ಬಾರಿಗೆ ಪ್ರೇಮಕಾದಂಬರಿಯೊಂದನ್ನು ಕುರಿತು ಗಂಭೀರ ಲೇಖನಗಳನ್ನು ಬರೆದದ್ದು ಆಗಲೇ. ಅನಂತರದ ಇಪ್ಪತ್ತೇಳು ಕಾದಂಬರಿಗಳಲ್ಲಿ ಅವರ ಯಾವ ನಾಯಕನೂ ಬಾಯಿಬಿಟ್ಟು ಪ್ರೀತಿಯನ್ನು ಹೇಳಿಲ್ಲ.

ಅಂದು ಮೆಟ್ಟಿಲಿಳಿಯುವಾಗ ನಾನು ಹಿಂದೆ ಓಡಿ ಏನೋ ತೊದಲಿದೆ. ಅವರು, “ಊಟ ಮಾಡಿದ್ಯಾ? ಮುಖ ಬಾಡಿದೆ, ಮೊದಲು ಹೋಗಿ ಊಟ ಮಾಡು” ಎಂದು ಇಳಿದುಹೋದರು. ಮೂರು ತಿಂಗಳು ತುಂಬಿದ ಮೇಲೆ ನಾನು ಖಾಯಂ ಆದೆ. ತಂಗಿ ಓದು ಮುಗಿಸಿದಳು. ಅಕ್ಕ ಒಮ್ಮೆಯಾದರೂ ಆ ಮಾತು ಎತ್ತಲಿಲ್ಲ. ಎತ್ತುವ ಧೈರ್ಯ ನನಗೂ ಆಗಲಿಲ್ಲ.

ಇಷ್ಟನ್ನು ಬರೆದು, ಅವರ ಒಪ್ಪಿಗೆಯಿಲ್ಲದೆ ಅಚ್ಚುಹಾಕಿಸುವುದು ತರವಲ್ಲವೆಂದು, ಕಳೆದ ತಿಂಗಳು ಕರಡನ್ನು ಹಿಡಿದು ಅವರ ಮನೆಗೆ ಹೋದೆ. ಕನ್ನಡಕ ಹಾಕಿಕೊಂಡು ಒಂದೊಂದೇ ಪುಟ ಓದಿದರು.

“ಚೆನ್ನಾಗಿದೆ ಕಣೇ. ಆದ್ರೆ ಒಂದು ತಪ್ಪಿದೆ” ಎಂದರು. “ನಿನ್ನ ಉಳಿಸೋಕೆ ಸುಳ್ಳು ಹೇಳಿದೆ ಅಂತ ಬರ್ದಿದ್ದೀಯಲ್ಲ, ಅದು ಸುಳ್ಳು. ಅವತ್ತು ನಾನು ಬಂದಿದ್ದೇ ನಿನಗೆ ಬೈಯೋಕೆ.”

“ಮತ್ತೆ?”

“ಬರ್ತಾ ಬಸ್ಸಲ್ಲಿ ಪಕ್ಕದ ಸೀಟಿನ ಹೆಂಗಸು ಪತ್ರಿಕೆ ಹಿಡ್ಕೊಂಡು ಅಳ್ತಾ ಇದ್ಲು. ಏನಾಯ್ತಮ್ಮ ಅಂದೆ. ಅವನು ಹೇಳಲೇ ಇಲ್ಲ ಅಂದ್ಲು. ನನ್ನ ಹನ್ನೊಂದು ಸಾಲಿಗೆ ಯಾರು ಹಾಗೆ ಅಳ್ತಿದ್ರು ಹೇಳು? ಆ ಸೀಟಲ್ಲೇ ತೀರ್ಮಾನ ಮಾಡಿದೆ. ನಾನು ಉಳಿಸಿಕೊಂಡಿದ್ದು ನನ್ನ ಕಥೇನ. ನೀನ್ಯಾಕೆ ಮೂವತ್ತೆರಡು ವರ್ಷ ಅದನ್ನ ತಲೆ ಮೇಲೆ ಹೊತ್ಕೊಂಡು ಓಡಾಡ್ದೆ? ಇಳಿಸು ಇನ್ನ.”

ಮನಸ್ಸು ಹಗುರಾಗಿ, ಕಣ್ಣೊರೆಸಿಕೊಂಡು ಮನೆಗೆ ಬಂದೆ. ಅವರು ಹೇಳಿದಂತೆಯೇ ತಿದ್ದಲೆಂದು ಲೇಖನಿಯನ್ನೂ ಹಿಡಿದೆ. ಆಗ ಹೊಳೆಯಿತು. ನೀರಿನ ಕಚೇರಿಗೂ ನಮ್ಮ ಪತ್ರಿಕೆಗೂ ನಡುವೆ ಒಂದೇ ರಸ್ತೆ. ಊಟದ ವಿರಾಮದಲ್ಲಿ ಆ ರಸ್ತೆ ದಾಟಿ ನಡೆದು ಬರುತ್ತಿದ್ದ ಅವರು ನಮ್ಮಲ್ಲಿಗೆ ಎಂದೂ ಬಸ್ಸಿನಲ್ಲಿ ಬಂದವರಲ್ಲ.

ಆದ್ದರಿಂದ ನನ್ನ ಕರಡಿನಲ್ಲಿ ಒಂದಕ್ಷರವನ್ನೂ ತಿದ್ದಿಲ್ಲ. ಎಪ್ಪತ್ತರಲ್ಲಿ, ಕನ್ನಡಕ ತೆಗೆದಿಡುವಷ್ಟರೊಳಗೆ, ಎದುರಿಗೆ ಕೂತವಳ ಭಾರ ಇಳಿಸಲೆಂದು ಅಳುವ ಹೆಂಗಸನ್ನೂ ಬಸ್ಸನ್ನೂ ಹುಟ್ಟಿಸಬಲ್ಲವರ ನಿವೃತ್ತಿಯನ್ನು ಕಥಾವಿಭಾಗದ ಮುಖ್ಯಸ್ಥೆಯಾಗಿ ನಾನು ಒಪ್ಪುವುದಿಲ್ಲ. ಅವರ ಆಯುಸ್ಸು ದೀರ್ಘವಾಗಲಿ, ಕೈ ಗಟ್ಟಿಯಾಗಿರಲಿ, ಬರೆಯಬೇಕೆನಿಸಿದಷ್ಟು ಬರೆಯಲಿ. ಇದನ್ನು ಓದಿ ಅವರು ನನ್ನ ಕಿವಿ ಹಿಂಡಿದರೂ ಸರಿಯೆ: ಆ ಮಂಗಳವಾರ ಅವರು ಉಳಿಸಿದ್ದು ನನ್ನನ್ನೇ.